ಗುಡವಿಯ ಕಾವಲುಗಾರರ ಕಣ್ಣು

ಮಳೆಗಾಲದಲ್ಲಿ ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಹೋದವರು ಬಿಳಿ ಕೆಂಬರಲುಗಳ ಗದ್ದಲಕ್ಕೆ ಮಾರುಹೋಗುತ್ತಾರೆ. ನನ್ನ ಮೆಚ್ಚುಗೆ ಮಾತ್ರ ಹಕ್ಕಿ ಕಾಯುವವರ ಕಣ್ಣಿಗೆ. ನೀರಲ್ಲಿ ನಿಂತ ಮರದ ಮೇಲೆ ಎರಡು ಕಪ್ಪು ಹಕ್ಕಿಗಳು ರೆಕ್ಕೆ ಹರಡಿ ಒಣಗಿಸುತ್ತಿರುತ್ತವೆ. ನಮಗೆ ಎರಡೂ ಒಂದೇ. ಕೊಕ್ಕಿನ ತುದಿ ಕೊಂಡಿಯಾಗಿ ಬಾಗಿದ್ದರೆ ನೀರುಕಾಗೆ. ನೇರವಾಗಿ, ಚೂಪಾಗಿದ್ದು ಕತ್ತು ಹಾವಿನಂತೆ ಬಳುಕಿದರೆ ಹಾವಕ್ಕಿ. ಧಾರವಾಡದ ಗುಂಗರಗಟ್ಟಿಯಲ್ಲಿ ಅರಣ್ಯಾಧಿಕಾರಿಗಳಿಗೆ ಅಕಾಡೆಮಿಯೇ ಇದೆ, ಸರಿ. ಆದರೆ ಇಂಥ ಕಣ್ಣು ಪಳಗುವುದು ಕೆರೆದಂಡೆಯಲ್ಲೇ, ಹಿರಿಯರ ಪಕ್ಕದಲ್ಲಿ ನಿಂತು. ಹಾಗೆಂದು ಅಷ್ಟಕ್ಕೇ ಬಿಡಬೇಕೇ? ಒಳ್ಳೆಯ ದುರ್ಬೀನು, ಕನ್ನಡದ ಹಕ್ಕಿ ಕೈಪಿಡಿ ಕೊಟ್ಟು, ರಂಗನತಿಟ್ಟಿನಲ್ಲಿ ದೋಣಿ ನಡೆಸುತ್ತಲೇ ಹಕ್ಕಿ ಪರಿಚಯಿಸುವವರ ಜತೆ ನಾಲ್ಕು ದಿನ ಕೂರಿಸಬಹುದು. ಶಿಕಾರಿಪುರದ ಹುಚ್ಚರಾಯನ ಕೆರೆ ನೋಡಿಕೊಳ್ಳುವವರೂ ಅದೇ ಬಸ್ಸು ಹತ್ತಲಿ.