'ಮಾಯಾಬಜಾರ್': ಒಂದು ಮರುನೋಟ

ಮದರಾಸಿನ ವಡಪಳನಿಯ ವಿಜಯಾ-ವಾಹಿನಿ ಸ್ಟುಡಿಯೋದಲ್ಲಿ ಸಿದ್ಧಗೊಂಡು 1957ರಲ್ಲಿ ತೆಲುಗು, ತಮಿಳುಗಳಲ್ಲಿ ತೆರೆಕಂಡ ಕೆ.ವಿ. ರೆಡ್ಡಿಯವರ 'ಮಾಯಾಬಜಾರ್' ಚಿತ್ರವನ್ನು ಬಾಲ್ಯದಲ್ಲಿ ಕಂಡವರ ನೆನಪಿನಲ್ಲಿ ಉಳಿಯುವುದು ಘಟೋತ್ಕಚನ ಬಾಯಿಗೆ ತಾವಾಗಿಯೇ ಸರಿದುಬರುವ ಲಡ್ಡುಗಳು. ಈ ಲೇಖಕನಿಗೂ ಹಾಗೆಯೇ. ಇತ್ತೀಚೆಗೆ ಚೆನ್ನೈಯಲ್ಲಿ ಮತ್ತೆ ನೋಡಿದಾಗ ಅದು ಮಾರ್ಕಸ್ ಬಾರ್ಟ್ಲೆಯವರ ಕ್ಯಾಮರಾ ಕೌಶಲವೆಂದಷ್ಟೇ ತೋರಿತು. ಬೆರಗು ಬೇರೆಡೆಗೆ ಸರಿದಿತ್ತು.

ಶಶಿರೇಖೆಯ ರೂಪ ತಾಳಿದ ಘಟೋತ್ಕಚನಾಗಿ ಸಾವಿತ್ರಿಯವರು ಅಭಿನಯಿಸುವ ಭಾಗದಲ್ಲಿ ಎಸ್.ವಿ. ರಂಗರಾವ್ ಅವರ ನಡಿಗೆ, ಹುಬ್ಬಿನ ಗತ್ತು ಆಕೆಯ ಮೈಯೊಳಗಿನಿಂದ ಇಣುಕುತ್ತವೆ; ಮರುಕ್ಷಣವೇ ವಧುವಿನ ನಾಚಿಕೆ ಅವನ್ನು ಮುಚ್ಚುತ್ತದೆ. ಮದುವೆಯ ಮಂಟಪದಲ್ಲಿ ಲಕ್ಷ್ಮಣಕುಮಾರನ ಕಾಲನ್ನು ತುಳಿಯುವ ಪಾದ ಹೆಣ್ಣಿನದೋ ರಾಕ್ಷಸನದೋ? ಬಾಲಕನಿಗೆ ಅದು ಬರಿಯ ನಗೆ. ಈಗ, ಒಲ್ಲದ ಮದುವೆಗೆ ದೂಡಲ್ಪಟ್ಟ ಹೆಣ್ಣಿನ ಸಿಟ್ಟು ರಾಕ್ಷಸನ ನೆಪದಲ್ಲಿ ಹೊರಬಿದ್ದಂತೆ ಭಾಸವಾಗುತ್ತದೆ. ಆದರೆ ನಿಜವಾದ ಶಶಿರೇಖೆ ಆಗ ಘಟೋತ್ಕಚನ ಆಶ್ರಮದಲ್ಲಿದ್ದಾಳೆ. ಪ್ರತಿಭಟನೆಯನ್ನೂ ಆಕೆ ಇನ್ನೊಬ್ಬನಿಗೆ ವಹಿಸಬೇಕಾಯಿತೆಂಬುದು ಬಾಲ್ಯದಲ್ಲಿ ಹೊಳೆದಿರಲಿಲ್ಲ.

ವ್ಯಾಸಭಾರತದಲ್ಲಿಲ್ಲದ ಈ ಕಥೆಯನ್ನು ನಮ್ಮ ಯಕ್ಷಗಾನವು 'ಕನಕಾಂಗಿ ಕಲ್ಯಾಣ'ವೆಂದು ಆಡುತ್ತ ಬಂದಿದೆ. ಅಲ್ಲಿ ಸಂಪ್ರದಾಯದಂತೆ ಸ್ತ್ರೀವೇಷ ಗಂಡಸಿನದು. ಇಲ್ಲಿ ನಟಿಯೇ ಹೆಣ್ಣುವೇಷದ ಗಂಡಾಗಿದ್ದಾಳೆ. 2010ರಲ್ಲಿ ಚಿತ್ರಕ್ಕೆ ಬಣ್ಣ ತುಂಬಿದರು. ಸಾವಿತ್ರಿಯವರ ಆ ಹುಬ್ಬಿಗೆ ಕಪ್ಪು-ಬಿಳುಪೇ ಸಾಕಾಗಿತ್ತು.