ಬಿದ್ದವನ ಕಡೆ ನೋಡಿ: ಜಾತ್ರೆ ಕುಸ್ತಿಗೆ ಹೊಸಬರಾಗಿ ಬಂದವರಿಗೆ

ತೇರು ಎಳೆದ ಮರುದಿನ ಮಧ್ಯಾಹ್ನ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಯಾವುದಾದರೂ ಊರಿನಲ್ಲಿ ಹಲಗೆಯ ಸದ್ದು ಕೇಳಿದರೆ ಅತ್ತ ಹೆಜ್ಜೆ ಹಾಕಿ. ಹಸನು ಮಾಡಿದ ಮಣ್ಣು, ಸುತ್ತ ಕುಕ್ಕರಗಾಲಲ್ಲಿ ಕೂತ ಜನ, ಒಂದು ಮೂಲೆಯಲ್ಲಿ ಒಗ್ಗರಣೆ–ಮಿರ್ಚಿ ಬಂಡಿ. ನಡುವೆ ಇಬ್ಬರು ಪರಸ್ಪರ ಕುತ್ತಿಗೆಗೆ ಕೈ ಹಾಕಿ, ತಲೆಗೆ ತಲೆ ಕೊಟ್ಟು ನಿಂತಿರುತ್ತಾರೆ. ಬಹಳ ಹೊತ್ತು ಏನೂ ನಡೆಯುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಒಬ್ಬ ಬಿದ್ದಿರುತ್ತಾನೆ, ಜನ ಸಿಳ್ಳೆ ಹಾಕುತ್ತಿರುತ್ತಾರೆ. ನಡುವೆ ಏನಾಯಿತು? ಇಪ್ಪತ್ತು ವರ್ಷ ಜಾತ್ರೆ ಕುಸ್ತಿ ನೋಡಿದ ನನಗೂ ಆ ‘ನಡುವೆ’ ಕಂಡಿರಲಿಲ್ಲ. ಕಂಡದ್ದು ನಾನೇ ಬಿದ್ದ ಮೇಲೆ.

ಮೊದಲು ಗೋಡೆಗೆ ಅಂಟಿಸಿದ ಪೋಸ್ಟರು ಓದಿ. ಮುಖಂಡರ ಫೋಟೊಗಳನ್ನೆಲ್ಲ ದಾಟಿದರೆ ಕೆಳಗೆಲ್ಲೋ ‘ನಿಕಾಲಿ ಜಂಗೀ ಕುಸ್ತಿ’ ಎಂದಿರುತ್ತದೆ. ನಿಕಾಲಿ ಎಂದರೆ ತೀರ್ಮಾನ ಆಗುವವರೆಗೆ. ಮ್ಯಾಟ್ ಮೇಲಿನ ಒಲಿಂಪಿಕ್ ಕುಸ್ತಿಯಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು. ಫ್ರೀಸ್ಟೈಲಿನಲ್ಲಿ 10 ಅಂಕ ಮುಂದಾದರೆ ಅಲ್ಲಿಗೇ ಮುಗಿಯಿತು. ಅದನ್ನು ನೋಡಬೇಕೆನ್ನುವವರಿಗೆ ತೋರಣಗಲ್ಲು ಹತ್ತಿರದಲ್ಲೇ ಇದೆ; 2018ರಲ್ಲಿ ಜೆಎಸ್‌ಡಬ್ಲ್ಯೂ ಅಲ್ಲಿ ಕಟ್ಟಿದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ ಮೂರನ್ನೂ ಕಲಿಸುತ್ತಾರೆ. ಜಾತ್ರೆಯ ಮಣ್ಣಿನಲ್ಲಿ ಅಂಕವಿಲ್ಲ. ಬೆನ್ನು ನೆಲಕ್ಕೆ ಹತ್ತಿ, ಎರಡೂ ಭುಜ ಮಣ್ಣು ಮುಟ್ಟಿದರೆ ಚಿತ್. ಮುಖ ಅಡಿಯಾಗಿ ಬಿದ್ದದ್ದು ಸೋಲಲ್ಲ. ಹೊಸಬರು ತಪ್ಪುವುದು ಇಲ್ಲೇ: ಒಬ್ಬ ಬೋರಲು ಬಿದ್ದ ಕೂಡಲೇ ಚಪ್ಪಾಳೆ ಹೊಡೆದು ಮೊಬೈಲ್ ತೆಗೆಯುತ್ತಾರೆ. ಅಸಲು ಕುಸ್ತಿ ಆಗ ಶುರುವಾಗಿರುತ್ತದೆ.

1910ರಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನರ ಎದುರು ಪೋಲೆಂಡಿನ ಜಿಬಿಸ್ಕೊ ಎರಡು ತಾಸಿಗೂ ಹೆಚ್ಚು ಹೊತ್ತು ನೆಲ ಕಚ್ಚಿಕೊಂಡೇ ಉಳಿದ; ತೀರ್ಮಾನ ಆಗಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಅದೇ ಇಬ್ಬರು ಮತ್ತೆ ಕೈ ಕೂಡಿಸಿದಾಗ ಒಂದು ನಿಮಿಷವೂ ಹಿಡಿಯಲಿಲ್ಲ, ಜಿಬಿಸ್ಕೊ ಚಿತ್. ಜನ ನೆನೆಯುವುದು ಎರಡನೆಯದನ್ನು. ನನಗೆ ಹೆಚ್ಚು ಕುತೂಹಲ ಮೊದಲನೆಯದರ ಮೇಲೆ. ಗಾಮಾನಂಥವನ ಕೈಗೂ ಸಿಗದೆ ಅಷ್ಟು ಹೊತ್ತು ಬೋರಲು ಇರುವುದೆಂದರೆ ಏನು ಎಂದು ಮಣ್ಣಿಗಿಳಿದವನಿಗೇ ಗೊತ್ತು.

ನಾನು ಇಳಿದದ್ದು ನಲವತ್ತು ದಾಟಿದ ಮೇಲೆ. ಯಾವ ಗರಡಿ ಎಂದು ಹೇಳುವುದಿಲ್ಲ, ಅವರ ಮರ್ಯಾದೆಯ ಪ್ರಶ್ನೆ. ಹೊಸ್ತಿಲ ಹೊರಗೆ ಚಪ್ಪಲಿ, ಒಳಗೆ ಹನುಮಂತನ ಪಟ, ಎಣ್ಣೆ ಅರಿಷಿಣ ಬೆರೆತ ಮಣ್ಣಿನ ತಂಪು ವಾಸನೆ. ಹದಿನೈದು ದಿನ ಬರೀ ಮಣ್ಣು ಅಗೆಸಿದರು, ಬೈಠಕ್ ತೆಗೆಸಿದರು. ಹದಿನಾರನೆಯ ದಿನ ಜೋರಿಗೆ ಬಿಟ್ಟರು. ಪಂದ್ಯವಲ್ಲದ, ಕಲಿಯಲಿಕ್ಕೆ ಹಿಡಿಯುವ ಕುಸ್ತಿಗೆ ಜೋರು ಎನ್ನುತ್ತಾರೆ. ಎದುರಿಗೆ ಒಂಬತ್ತನೇ ಕ್ಲಾಸಿನ ಹುಡುಗ. ನನ್ನ ತೂಕ 78 ಕೆ.ಜಿ., ಅವನದು ಐವತ್ತರ ಒಳಗೆ. ಹುಡುಗನಿಗೆ ನೋವಾದೀತು ಎಂದು ನಾನು ಉಸ್ತಾದರ ಮುಖ ನೋಡಿದೆ. ಅವರು ಬೇರೆ ಕಡೆ ನೋಡುತ್ತಿದ್ದರು.

ಹತ್ತು ನಿಮಿಷದಲ್ಲಿ ಆರು ಸಲ ಬಿದ್ದೆ. ಮೊದಲನೇ ಸಲ ನಕ್ಕೆ. ಎರಡನೇ ಸಲ ಕಾಲು ಜಾರಿತು ಎಂದೆ. ಮೂರನೇ ಸಲ ಸಿಟ್ಟು ಬಂತು, ನಾಲ್ಕನೇ ಸಲ ಇದ್ದ ಬಲವನ್ನೆಲ್ಲ ಹಾಕಿ ನೂಕಿದೆ. ಎಲ್ಲಕ್ಕಿಂತ ಬೇಗ ಬಿದ್ದದ್ದು ಆಗಲೇ. ನೂಕಿದ ಕಡೆಗೇ ಅವನು ದಾರಿ ಬಿಟ್ಟುಕೊಟ್ಟ, ನನ್ನ ತೂಕ ನನ್ನನ್ನೇ ಹೊತ್ತುಕೊಂಡು ಹೋಯಿತು. “ಸರ, ಉಸುರು ಹಿಡೀಬ್ಯಾಡ್ರಿ,” ಅಂದ ಹುಡುಗ, ನನ್ನ ಎದೆಯ ಮೇಲೆ ಕೂತೇ. ಆರನೇ ಸಲ ಒಂದು ಕಂಡಿತು: ಒಳಗೆ ನುಗ್ಗುವ ಮೊದಲು ಅವನ ಎಡ ಹಿಮ್ಮಡಿ ಚೂರೇ ಚೂರು ಮೇಲೇಳುತ್ತಿತ್ತು. ಕಂಡಿತು, ಆದರೂ ಬಿದ್ದೆ. ಉಸ್ತಾದರು ಆಗ ಕೇಳಿದರು, “ಬಿದ್ದದ್ದು ಇರ್ಲಿ, ಯಾಕ ಬಿದ್ರಿ ಹೇಳ್ರಿ.” ಹಿಮ್ಮಡಿ ಎಂದೆ. “ಹಂಗಾದ್ರ ನಾಳೆ ಬರ್ರಿ.”

ಇಷ್ಟಾದ ಮೇಲೆ ಆ ಹುಡುಗ ನನ್ನ ಬೆನ್ನಿನ ಮಣ್ಣು ಜಾಡಿಸಿ, ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಹಿರಿಯರೊಂದಿಗೆ ಜೋರು ಮಾಡಿದರೆ ಅಲ್ಲಿನ ರಿವಾಜು ಅದು. ಆರು ಸಲ ಕೆಡವಿದವನಿಗೆ ಏನೆಂದು ಆಶೀರ್ವಾದ ಮಾಡುವುದು? ಬೀಳುವಾಗಲೂ ಆಗದಿದ್ದ ನಾಚಿಕೆ ಆಗ ಆಯಿತು.

ಹಾಗಾಗಿ ನನ್ನ ಮೊದಲ ಸಲಹೆ: ಕಣದಲ್ಲಿ ಕೈಗಳನ್ನು ಬಿಟ್ಟು ಕಾಲು ನೋಡಿ. ಕುತ್ತಿಗೆ ಮೇಲಿನ ಕೈ ಎದುರಾಳಿಯ ಭಾರ ಎತ್ತ ವಾಲಿದೆ ಎಂದು ತಡವಿ ತಿಳಿಯುತ್ತಿರುತ್ತದೆ. ಸುದ್ದಿ ಮುಟ್ಟುವುದು ಹಿಮ್ಮಡಿಗೆ. ಎರಡನೆಯದು, ಮೇಲಿದ್ದವನನ್ನು ಬಿಟ್ಟು ಕೆಳಗಿದ್ದವನನ್ನು ನೋಡಿ. ಬೋರಲು ಬಿದ್ದವನು ಮೊಣಕೈ ಒಳಗೆ ಎಳೆದುಕೊಂಡು, ಕಾಲು ಅಗಲಿಸಿ, ಗದ್ದ ಎದೆಗೆ ಒತ್ತಿ ಮಲಗುತ್ತಾನೆ. ಮೇಲಿನವನು ಲಂಗೋಟಿಯ ಪಟ್ಟಿ ಹಿಡಿದು ಮಗುಚಲು ನೋಡುತ್ತಾನೆ. ಕೆಳಗಿನವನ ಒಂದು ಮೊಣಕೈ ಹೊರಗೆ ಜಾರಿತೋ, ಅಲ್ಲಿಗೆ ಆಟ ಕೈಬಿಟ್ಟಂತೆ. ಧೋಬಿ ಪಟ್ಟು ಎಲ್ಲರಿಗೂ ಕಾಣುತ್ತದೆ: ಎದುರಾಳಿಯ ತೋಳನ್ನು ಹೆಗಲ ಮೇಲಿಂದ ಎಳೆದು, ಬೆನ್ನು ತಿರುಗಿಸಿ, ಬಟ್ಟೆ ಒಗೆದ ಹಾಗೆ ನೆಲಕ್ಕೆ ಒಗೆಯುವುದು. ಈ ಮೊಣಕೈ ಕಾಣಲಿಕ್ಕೆ ಎರಡು ಮೂರು ಜಾತ್ರೆ ಬೇಕು.

ಜೋಡಿ ಕಟ್ಟುವುದನ್ನೂ ತಪ್ಪಿಸಬೇಡಿ. ಪೈಲ್ವಾನ ಕೈ ಮೇಲೆತ್ತಿ ಕಣ ಸುತ್ತುತ್ತಾನೆ. ಯಾರಾದರೂ ಮುಂದೆ ಬಂದರೆ ಪಂಚರು ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಎತ್ತರ, ಎದೆ, ತೊಡೆ ಕಣ್ಣಲ್ಲೇ ಅಳೆಯುತ್ತಾರೆ. ‘ನನ್ನ ಜೋಡಿ ಅಲ್ಲ’ ಎಂದು ಹಿಂದೆ ಸರಿದರೆ ಅವಮಾನವಿಲ್ಲ. ಕಿವಿ ಮುದುಡಿ ಗಂಟಾಗಿದ್ದರೆ ವರ್ಷಗಟ್ಟಲೆ ಜೋರು ಮಾಡಿದವನೆಂದು ತಿಳಿಯಿರಿ. ಉಜ್ಜಿ ಉಜ್ಜಿ ಕಿವಿಯೊಳಗೆ ರಕ್ತ ಕಟ್ಟಿ ಹಾಗಾಗಿರುತ್ತದೆ. ದಪ್ಪ ತೋಳಿಗಿಂತ ಆ ಕಿವಿಯನ್ನು ನಂಬಿ.

ನೋಡುವವರಿಗೂ ಒಂದು ಪರಂಪರೆ ಇದೆ. ಕುರುಗೋಡಿನ ಸಿಂದರು ಯಾರ ಸಾಮಂತರಾಗಿದ್ದರೋ ಆ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆದಾಗ ಮಲ್ಲರ ವಿಷಯವನ್ನು ಇಟ್ಟದ್ದು ವಿನೋದಗಳ ಸಾಲಿನಲ್ಲಿ, ಅಂದರೆ ನೋಡಿ ಸಂತೋಷಪಡುವವರ ಕಡೆಯಿಂದ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಮೇಲೂ ಮಲ್ಲರಿದ್ದಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಪಯಸ್, ಕೃಷ್ಣದೇವರಾಯ ನಸುಕಿನಲ್ಲಿ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಆಮೇಲೆ ತನ್ನ ಮಲ್ಲನೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದ ಎಂದು ಬರೆದಿದ್ದಾನೆ. ಆ ಮಲ್ಲ ರಾಯನನ್ನು ಒಮ್ಮೆಯಾದರೂ ಚಿತ್ ಮಾಡಿದನೋ ಎಂಬುದನ್ನು ಮಾತ್ರ ಬರೆದಿಲ್ಲ. ಮಾಡಿರಲಿ ಎಂದು ನನ್ನ ಆಸೆ.

ಒಂದು ತಕರಾರೂ ಇದೆ. ಹಳೆಯ ಗರಡಿಗಳು ಹೆಣ್ಣುಮಕ್ಕಳನ್ನು ಮಣ್ಣಿಗೆ ಬಿಡುತ್ತಿರಲಿಲ್ಲ, ಹಲವು ಈಗಲೂ ಬಿಡುವುದಿಲ್ಲ. ಮ್ಯಾಟ್ ಆ ಬಾಗಿಲು ತೆರೆದಿದೆ. ಮಣ್ಣು ಇನ್ನೂ ಕಾಯುತ್ತ ಕೂತದ್ದು ಸರಿಯಲ್ಲ.

ಈ ಸಲ ಹೋಗುವವರು ಬೆಳ್ಳಿ ಕಡಗದ ಕೊನೇ ಜೋಡಿಗೆಂದು ತಡವಾಗಿ ಹೋಗಬೇಡಿ. ಸಣ್ಣ ಹುಡುಗರು ತೆಂಗಿನಕಾಯಿಗಾಗಿ ಹಿಡಿಯುವ ಮೊದಲ ಕುಸ್ತಿಗಳಿಗೇ ಹೋಗಿ. ಪಟ್ಟುಗಳು ಅಲ್ಲಿ ನಿಧಾನ, ಕಣ್ಣಿಗೆ ಸಿಗುತ್ತವೆ. ಕಣದ ಪಡುವಣ ಬದಿಗೆ ಕೂಡ್ರಿ, ಬಿಸಿಲು ಬೆನ್ನಿಗಿರುತ್ತದೆ.