ಎರಡು ಬಾಗಿಲ ನ್ಯಾಯ

ಅಮೆರಿಕದಲ್ಲಿ ರಾಜ್ಯದ ಕೋರ್ಟು ಬೇರೆ, ಒಕ್ಕೂಟದ ಕೋರ್ಟು ಬೇರೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಇದೆ ಅಂತ ನಮ್ಮ ಕಾನೂನು ಪಂಡಿತರು ಹೊಗಳುವುದುಂಟು. ಆ ಎರಡನೇ ಬಾಗಿಲು ಕರಿಯರಿಗೆ ಎಷ್ಟು ತೆರೆಯಿತು?

1964ರಲ್ಲಿ ಮಿಸಿಸಿಪ್ಪಿಯಲ್ಲಿ ಕರಿಯರ ಮತದ ಹಕ್ಕಿಗಾಗಿ ದುಡಿಯುತ್ತಿದ್ದ ಮೂವರು ಯುವಕರನ್ನು ಕ್ಲಾನ್‌ನವರು ಕೊಂದು ಮಣ್ಣಿನ ಏರಿಯಡಿ ಹೂತರು. ಹಿಡಿದು ಒಪ್ಪಿಸಿದವನೇ ಡೆಪ್ಯುಟಿ ಶೆರಿಫ್! ಕೊಲೆ ರಾಜ್ಯದ ಕಾನೂನಿಗೆ ಸೇರಿದ್ದು; ರಾಜ್ಯ ಕೊಲೆ ಕೇಸೇ ಹಾಕಲಿಲ್ಲ. ಒಕ್ಕೂಟದ ಕೋರ್ಟಿನಲ್ಲಿ ಕೊಲೆ ಅನ್ನೋ ಮಾತೇ ಇಲ್ಲ, ನಾಗರಿಕ ಹಕ್ಕು ಕಸಿಯುವ ಒಳಸಂಚು ಅಷ್ಟೆ. 1965ರಲ್ಲಿ ನ್ಯಾಯಾಧೀಶ ಕಾಕ್ಸ್ ಮುಖ್ಯ ಆರೋಪಗಳನ್ನೇ ತಳ್ಳಿಹಾಕಿದ. 1966ರಲ್ಲಿ ಸುಪ್ರೀಂ ಕೋರ್ಟು ಅವಕ್ಕೆ ಮರುಜೀವ ಕೊಟ್ಟಿತು. 1967ರಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ 18 ಜನರಲ್ಲಿ 7 ಮಂದಿಯನ್ನು ತಪ್ಪಿತಸ್ಥರೆಂದಿತು. ಅತಿ ಹೆಚ್ಚಿನ ಶಿಕ್ಷೆ 10 ವರ್ಷ. ರಾಜ್ಯದ ಕೋರ್ಟು ಒಬ್ಬನನ್ನಾದರೂ ಶಿಕ್ಷಿಸಿದ್ದು 2005ರಲ್ಲಿ. ಅಷ್ಟೊತ್ತಿಗೆ ಅವನಿಗೆ 80 ವರ್ಷ.

ನಮ್ಮದು ಒಂದೇ ಏಣಿ. 2000ದಲ್ಲಿ ಕಂಬಾಲಪಲ್ಲಿಯಲ್ಲಿ 7 ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳ ಖುಲಾಸೆಯಾಯಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಇನ್ನೊಂದು ಬಾಗಿಲಿದ್ದಿದ್ದರೆ? ನನಗೆ ನಂಬಿಕೆಯಿಲ್ಲ. ಮಿಸಿಸಿಪ್ಪಿಯ ಕೇಸು ಅಷ್ಟಾದರೂ ನಿಂತಿದ್ದು ಕ್ಲಾನ್ ಒಳಗಿನವರೇ ಬಾಯಿ ಬಿಟ್ಟಿದ್ದರಿಂದ, ಅವರನ್ನು ಎಫ್‌ಬಿಐ ಕಟಕಟೆವರೆಗೂ ತಂದದ್ದರಿಂದ. ನಾಳೆ ಆರೋಪಿಯ ಹೊಲಕ್ಕೇ ಕೂಲಿಗೆ ಹೋಗಬೇಕಾದವನು ಕಟಕಟೆಯಲ್ಲಿ ಏನು ಹೇಳಿಯಾನು? ಅವನನ್ನು 'ಪ್ರತಿಕೂಲ ಸಾಕ್ಷಿ' ಅಂತ ಕರೆದು ಕೈತೊಳೆದುಕೊಳ್ಳೋದು ಸುಲಭ.

ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿ ಸೇರಿಸಿದ 15ಎ ಕಲಮನ್ನು ಮೇಷ್ಟ್ರುಗಳು ಕೇರಿಯಲ್ಲಿ ಓದಿ ಹೇಳಬೇಕು. ಸಾಕ್ಷಿಗೆ ರಕ್ಷಣೆ, ಓಡಾಟದ ಖರ್ಚು, ಪುನರ್ವಸತಿ ಅದರಲ್ಲಿವೆ. ಜಾಮೀನಿನ ವಿಚಾರಣೆಯಲ್ಲೂ ನೊಂದವರ ಮಾತು ಕೇಳಬೇಕು. ಅರ್ಜಿಯನ್ನು ವಿಶೇಷ ನ್ಯಾಯಾಲಯಕ್ಕೆ ಕೊಡಬೇಕು, ಸಾಕ್ಷಿ ಹೇಳೋ ದಿನ ಬರುವ ಮೊದಲೇ.